ಮೀನಖಂಡ ಒತ್ತುವವನು ಕಂಡ ಚರಿತ್ರೆ

ಪಗಾರದ ಪಟ್ಟಿಯಲ್ಲಿ ನಾನು ಎಕ್ಸ್‌ರೇ ಟೆಕ್ನಿಷಿಯನ್. ಆದರೆ ವಿಜಯಪುರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಿವೃತ್ತಿಯ ತನಕ ನಾನು ಹೆಚ್ಚಾಗಿ ಮಾಡಿದ ಕೆಲಸ ಮಂದಿಯ ಮೀನಖಂಡ ಒತ್ತುವುದು. ಡಾಕ್ಟರು ನಿಂತ ರೋಗಿಯ ತೊಡೆಯ ಒಳಬದಿಗೆ ಪ್ರೋಬ್ ಹಿಡಿದು, ಕಣ್ಣು ಪರದೆಯ ಮೇಲಿಟ್ಟು "ಒತ್ತು" ಅನ್ನುತ್ತಿದ್ದರು. ಒತ್ತಿದರೆ ಪರದೆಯಲ್ಲಿ ನೀಲಿ ಚಿಮ್ಮಬೇಕು. ಅಂದರೆ ರಕ್ತ ಮೇಲಕ್ಕೆ, ಎದೆಯ ಕಡೆಗೆ ಹೊರಟಿತು. "ಬಿಡು" ಅಂದಾಗ ಬಿಟ್ಟರೆ ಬಣ್ಣ ಅಲ್ಲೇ ಆರಬೇಕು. ಆರದೆ ಕೆಂಪಾಗಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಕೆಳಕ್ಕೆ ಸುರಿದರೆ ಒಳಗಿನ ಕವಾಟ ಕೆಟ್ಟಿದೆ ಎಂದು ಲೆಕ್ಕ. ಎಪಿಎಂಸಿಯ ಹಮಾಲರು, ಬಸ್ಸಿನ ಕಂಡಕ್ಟರರು, ಬಟ್ಟೆ ಅಂಗಡಿಯಲ್ಲಿ ಮುಂಜಾನೆಯಿಂದ ರಾತ್ರಿತನಕ ನಿಲ್ಲುವ ಹುಡುಗರು, ಕಾಲು ಬಾತ ಬಾಣಂತಿಯರು, ಎಲ್ಲರ ಮೀನಖಂಡವೂ ನನ್ನ ಕೈಗೆ ಬಂದು ಹೋಗಿದೆ. ಸಂತೆಯಲ್ಲಿ ಯಾರಾದರೂ ನಮಸ್ಕಾರ ಮಾಡಿದರೆ ಮುಖದ ಗುರುತು ಹತ್ತುವುದಿಲ್ಲ. ಧೋತರ ಮೇಲೆ ಕಟ್ಟಿದ್ದರೆ ಮಾತ್ರ ಹೆಸರು ಸಮೇತ ನೆನಪಾಗುತ್ತದೆ.

ಸೂಜಿ ಚುಚ್ಚದೆ, ಚರ್ಮ ಕೊಯ್ಯದೆ ಕೈಕಾಲಿನ ರಕ್ತನಾಳ ನೋಡುವ ಈ ವಿದ್ಯೆಯನ್ನು ಪುಸ್ತಕಗಳು ಕಣ್ಣಿನ ಕತೆಯಾಗಿ ಹೇಳುತ್ತವೆ, ಕಾಣದ್ದು ಕಂಡಿತು ಎಂದು. ನಮ್ಮ ಜಿಲ್ಲೆಯಲ್ಲಿ ಕುಳಿತು ನೋಡಿದವನಿಗೆ ಇದು ಎರಡನೇ ಸಲ ನೋಡಲು ಸಾಧ್ಯವಾದ ಕತೆ. ಸೂಜಿ ಹಾಕಿ ತೆಗೆಯುವ ಚಿತ್ರ ಬಡವನ ಆಯುಷ್ಯದಲ್ಲಿ ಒಂದು ಸಲ. ಜೆಲ್ಲಿ ಹಚ್ಚಿ ನೋಡುವುದನ್ನು ನಾಳೆಯೂ ಮಾಡಬಹುದು, ಮುಂದಿನ ವಾರ ಸಂತೆಗೆ ಬಂದಾಗಲೂ ಮಾಡಬಹುದು. ಎಷ್ಟೋ ಕಾಲು ಉಳಿದದ್ದು ಆ ಎರಡನೇ ಸಲದಿಂದ.

ಮೊದಲ ಉಪಕರಣ ಬೆರಳು. ಆದಿಲಶಾಹಿ ಬಿಜಾಪುರದಲ್ಲಿ, ಅಂದರೆ ಇಂದಿನ ನಮ್ಮ ವಿಜಯಪುರದಲ್ಲಿ, ಹಕೀಮರು ನಬ್ಜ್ ಹಿಡಿಯುತ್ತಿದ್ದರು, ವೈದ್ಯರು ನಾಡಿ ಹಿಡಿಯುತ್ತಿದ್ದರು. 1589ರಲ್ಲಿ ಎರಡನೇ ಇಬ್ರಾಹಿಂ ಆದಿಲಶಾಹನ ಆಶ್ರಯಕ್ಕೆ ಬಂದ ಫಿರಿಷ್ತಾ ನಮಗೆಲ್ಲ ಇತಿಹಾಸಕಾರನಾಗಿ ಗೊತ್ತು. ಅವನು ವೈದ್ಯವನ್ನೂ ಬಲ್ಲವನಾಗಿದ್ದ. ಹಿಂದೂಸ್ತಾನದ ಔಷಧ ಪದ್ಧತಿಯ ಮೇಲೆ 'ದಸ್ತೂರ್-ಉಲ್-ಅತಿಬ್ಬಾ' ಎಂಬ ಪಾರಸಿ ಗ್ರಂಥವನ್ನೇ ಬರೆದ. ಗುಮ್ಮಟ ನೋಡಲು ಬಂದವರಿಗೆ ನಮ್ಮ ಗೈಡುಗಳು ತೋಪಿನ ತೂಕ ಹೇಳುತ್ತಾರೆ, ಇದನ್ನು ಹೇಳುವುದಿಲ್ಲ.

ಮಹಮ್ಮದ್ ಆದಿಲಶಾಹ ಪಟ್ಟಕ್ಕೆ ಬಂದದ್ದು 1627ರಲ್ಲಿ. ಮರುವರ್ಷ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ, ರಕ್ತ ದೇಹದಲ್ಲಿ ಸುತ್ತು ಹಾಕುತ್ತದೆ ಎಂದು ಸಾಧಿಸುವ ಪುಸ್ತಕ ಹೊರತಂದ. ಅದರಲ್ಲೊಂದು ಚಿತ್ರವಿದೆ. ರಟ್ಟೆಗೆ ಪಟ್ಟಿ ಬಿಗಿದಿದ್ದಾರೆ, ಮುಂಗೈಯ ಅಭಿಧಮನಿಗಳು ಉಬ್ಬಿವೆ, ಅಲ್ಲಲ್ಲಿ ಕವಾಟದ ಗಂಟು ಎದ್ದಿದೆ. ಒಂದು ಬೆರಳಿನಿಂದ ನಾಳ ಅದುಮಿ ಇನ್ನೊಂದರಿಂದ ರಕ್ತವನ್ನು ಮೇಲಕ್ಕೆ ನೀವಿದರೆ ಆ ತುಂಡು ಬರಿದಾಗುತ್ತದೆ. ಕವಾಟ ರಕ್ತವನ್ನು ಕೆಳಗೆ ಬಿಡುವುದಿಲ್ಲ. ಒತ್ತು, ಬಿಡು, ತಿರುಗಿ ಬರುತ್ತದೆಯೇ ನೋಡು. ಲಕ್ಷಗಟ್ಟಲೆ ಬೆಲೆಯ ಯಂತ್ರದ ಪಕ್ಕ ನಿಂತು ನಾನು ಮಾಡುತ್ತಿದ್ದದ್ದೂ ಇದೇ. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಟ್ರೆಂಡೆಲೆನ್‌ಬರ್ಗ್, ಪರ್ಥೆಸ್ ಎಂಬ ಶಸ್ತ್ರವೈದ್ಯರು ತೊಡೆಗೆ ಪಟ್ಟಿ ಕಟ್ಟಿ ಮಾಡಿದ ಪರೀಕ್ಷೆಗಳೂ ಇದರ ಮರಿಗಳೇ. ನಮ್ಮ ಹಳ್ಳಿಗಳಲ್ಲಿ ಅದೇ ಉಬ್ಬಿದ ನರಕ್ಕೆ ಜಿಗಣಿ ಹಚ್ಚಿಸುತ್ತಿದ್ದರು, ಬರೆ ಕೊಡಿಸುತ್ತಿದ್ದರು. ಬಬಲೇಶ್ವರದ ಕಡೆಯ ಎಷ್ಟೋ ಅಜ್ಜಂದಿರ ಮೊಣಕಾಲ ಕೆಳಗೆ ಆ ಬರೆಯ ಕಲೆಗಳ ಮೇಲೆಯೇ ನಾನು ಜೆಲ್ಲಿ ಹಚ್ಚಿದ್ದೇನೆ.

ಉಬ್ಬಿದ ನರ ಕಣ್ಣಿಗೆ ಕಾಣುತ್ತದೆ. ಕಟ್ಟಿಕೊಂಡ ಧಮನಿ ಕಾಣುವುದಿಲ್ಲ, ಅಪಾಯ ಇರುವುದು ಅಲ್ಲಿ.

ನಮ್ಮ ದೊಡ್ಡಪ್ಪ ತಿಕೋಟಾದ ಹತ್ತಿರದ ಒಂದು ಹಳ್ಳಿಯಲ್ಲಿ ಒಕ್ಕಲುತನ ಮಾಡುತ್ತಿದ್ದ. ಬೀಡಿ ಬಿಟ್ಟರೆ ಬೇರೆ ಚಟವಿಲ್ಲ. "ನಾಕ್ ಹೊಲ ದಾಟೂದ್ರಾಗ ಮೀನಖಂಡ ಹಿಡಕೊಂತೈತಿ ನೋಡೋ ತಮ್ಮಾ, ಬದುವಿನ ಮ್ಯಾಲ ತುಸು ಕುಂತ್ರ ಬಿಡ್ತೈತಿ" ಅನ್ನುತ್ತಿದ್ದ. ವಾಯು ಎಂದು ಮನೆಯವರು ಎಣ್ಣೆ ತಿಕ್ಕಿದರು. ವೈದ್ಯಪುಸ್ತಕದಲ್ಲಿ ಧಮನಿ ಕಟ್ಟಿದ್ದರ ಮೊದಲ ಲಕ್ಷಣ ಎಂದು ಬರೆದಿರುವುದು ಇದನ್ನೇ: ನಡೆದರೆ ಹಿಡಿಯುವುದು, ನಿಂತರೆ ಬಿಡುವುದು. ಒಂದು ಹೊಲಕ್ಕೇ ಹಿಡಿಯತೊಡಗಿತು, ಆಮೇಲೆ ರಾತ್ರಿ ಮಲಗಿದಲ್ಲೇ. ಕಾಲನ್ನು ಹೊರಸಿನಿಂದ ಕೆಳಗೆ ಇಳಿಬಿಟ್ಟು ಕುಳಿತು ಬೆಳಗು ಮಾಡುತ್ತಿದ್ದ. ಹೆಬ್ಬೆರಳು ಕರ್ರಗಾದ ಮೇಲೆ ಮಿರಜಿಗೆ ಕರೆದೊಯ್ದರು. ಬರುವಾಗ ಕಾಲು ಇರಲಿಲ್ಲ.

ನ್ಯೂಯಾರ್ಕಿನ ಲಿಯೋ ಬರ್ಗರ್ ಎಂಬ ವೈದ್ಯ 1908ರಲ್ಲಿ ಈ ರೋಗವನ್ನು ವಿವರಿಸಿದ. ತಂಬಾಕು ಸೇದುವ ಗಂಡಸರಿಗೆ, ಅದೂ ನಡುವಯಸ್ಸಿನ ಒಳಗೇ, ಕೈಕಾಲಿನ ಸಣ್ಣ ಮತ್ತು ನಡುತರದ ನಾಳಗಳು ಉರಿಯೂತವಾಗಿ ಹೆಪ್ಪುಗಟ್ಟುವ ರೋಗ. ಅವನು ಅದನ್ನು ಅರಿತದ್ದು ಕತ್ತರಿಸಿ ತೆಗೆದ 11 ಕಾಲುಗಳನ್ನು ಸೀಳಿ ನೋಡಿ. ಅಂದರೆ ಕಾಲು ಹೋದ ಮೇಲೆ. ನಿಪ್ಪಾಣಿಯ ತಂಬಾಕು ಒಂದು ಕಡೆ, ಬೀಡಿ ಕಟ್ಟುವ ಸೊಲ್ಲಾಪುರ ಇನ್ನೊಂದು ಕಡೆ ಇರುವ ನಮ್ಮ ಸೀಮೆಯಲ್ಲಿ ಬರ್ಗರ್‌ನ ಹೆಸರು ಕೇಳದವರೂ ಅವನ ರೋಗದವರನ್ನು ಕಂಡಿದ್ದಾರೆ. ಊರಿಗೊಬ್ಬ ಕುಂಟಜ್ಜ ಇದ್ದೇ ಇರುತ್ತಿದ್ದ.

ಮಿರಜ್ ಎಂದರೆ ಆಗ ದವಾಖಾನೆ, ದವಾಖಾನೆ ಎಂದರೆ ಮಿರಜ್. ಮಿಶನರಿ ವೈದ್ಯ ವಿಲಿಯಂ ವಾನ್‌ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದ ಮೇಲೆ ಅಥಣಿ, ತಿಕೋಟಾ, ಬಿಜಾಪುರದ ಮಂದಿ ಅತ್ತ ಹರಿದರು. ತಿಕೋಟಾ ಅಥಣಿ ರಸ್ತೆಯ ಮೇಲೆಯೇ ಇರುವುದರಿಂದ ಅಲ್ಲಿನವರಿಗೆ ಪಶ್ಚಿಮದ ದಿಕ್ಕು ಸಹಜ. ಉಳಿದವರು ಮೀಟರ್‌ಗೇಜ್ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗುತ್ತಿದ್ದರು. "ಮಿರಜಕ್ಕ ಒಯ್ದಾರಂತ" ಎಂಬ ಮಾತು ಓಣಿಯಲ್ಲಿ ಹುಟ್ಟಿತೆಂದರೆ ಹೊಲದ ಮೇಲೆ ಸಾಲ ಎತ್ತಿದ್ದಾರೆ ಎಂದು ತಿಳಿಯಬೇಕಿತ್ತು. ಬಿಜಾಪುರದಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜು ಶುರುವಾದದ್ದು 1984ರಲ್ಲಿ. ಫ.ಗು. ಹಳಕಟ್ಟಿಯವರು 1910ರಲ್ಲಿ ಸ್ಥಾಪಿಸಿದ ಬಿಎಲ್‌ಡಿಇ ಸಂಸ್ಥೆ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ತೆರೆದದ್ದು 1986ರಲ್ಲಿ. ಎರಡು ವರ್ಷದೊಳಗೆ ಎರಡು ಕಾಲೇಜು. ಬರಗಾಲದ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ರಕ್ತನಾಳವನ್ನು ಚಿತ್ರವಾಗಿ ನೋಡುವ ಆಸೆ ಎಕ್ಸ್‌ರೇಯಷ್ಟೇ ಹಳೆಯದು. ರಾಂಟ್‌ಜನ್ ಕಿರಣ ಕಂಡದ್ದು 1895ರ ನವೆಂಬರಿನಲ್ಲಿ. 1896ರ ಜನವರಿಯಲ್ಲೇ ವಿಯೆನ್ನಾದ ಹಾಶೆಕ್ ಮತ್ತು ಲಿಂಡೆನ್‌ಥಾಲ್ ಹೆಣದ ಕೈಯೊಂದರ ನಾಳಗಳಿಗೆ ಸುಣ್ಣ, ಇಂಗುಳಿಕ, ಪೆಟ್ರೋಲಿಯಂ ಕಲಸಿ ತುಂಬಿ, ಸುಮಾರು ಒಂದು ಗಂಟೆ ಕಿರಣ ಬಿಟ್ಟು ಚಿತ್ರ ತೆಗೆದರು. ಬೆರಳ ತುದಿಯ ತನಕ ಕವಲೊಡೆದ ಧಮನಿ ಅದರಲ್ಲಿ ಕಾಣುತ್ತದೆ. ಜೀವಂತ ಮನುಷ್ಯನಿಗೆ ಆ ಕಲಸು ಹಾಕುವಂತಿಲ್ಲ. 1924ರಲ್ಲಿ ಅಮೆರಿಕದ ಬಾರ್ನಿ ಬ್ರೂಕ್ಸ್ ಕಾಲಿನ ಧಮನಿಗೆ ಸೋಡಿಯಂ ಅಯೊಡೈಡ್ ಹಾಕಿ ಚಿತ್ರ ತೆಗೆದ. 1929ರಲ್ಲಿ ಲಿಸ್ಬನ್ನಿನ ಡೋಸ್ ಸಾಂತೋಸ್ ಸೊಂಟದ ಹಿಂದಿನಿಂದ ಉದ್ದ ಸೂಜಿ ತೂರಿಸಿ ಮಹಾಧಮನಿಯನ್ನೇ ತೋರಿಸಿದ. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಸೂಜಿಯ ಮೂಲಕ ತಂತಿ, ತಂತಿಯ ಮೇಲೆ ನಳಿಗೆ ಎಂಬ ಸುಲಭ ದಾರಿ ಮಾಡಿದ. ಇವತ್ತಿಗೂ ಆಂಜಿಯೋಗ್ರಾಂ ಆಗುವುದು ಅವನ ರೀತಿಯಲ್ಲೇ. ಎಲ್ಲವೂ ದೊಡ್ಡ ಕೆಲಸ. ಆದರೆ ಸೂಜಿ, ಔಷಧದ ಬಿಸಿ, ಮೂತ್ರಪಿಂಡಕ್ಕೆ ಬೀಳಬಹುದಾದ ಪೆಟ್ಟು, ಜೊತೆಗೆ ಖರ್ಚು. ನಮ್ಮ ಕಡೆಯ ರೋಗಿಗೆ ಆಂಜಿಯೋಗ್ರಾಂ ಎಂದರೆ ಅರ್ಧ ಆಪರೇಷನ್ನೇ. "ಬ್ಯಾಡ್ರಿ ಸಾಹೇಬ್ರ, ಹಿಂಗ ಇರ್ಲಿ" ಎಂದು ಎದ್ದು ಹೋದವರು ಮತ್ತೆ ಬರುತ್ತಿದ್ದದ್ದು ಬೆರಳು ಕಪ್ಪಾದ ಮೇಲೆ.

ಇನ್ನು ಡಾಪ್ಲರ್. ಪ್ರೇಗ್ ನಗರದಲ್ಲಿ ಗಣಿತ ಕಲಿಸುತ್ತಿದ್ದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಜೋಡಿ ನಕ್ಷತ್ರಗಳ ಬಣ್ಣದ ಬಗ್ಗೆ ಪ್ರಬಂಧ ಓದಿದ. ಹತ್ತಿರ ಬರುವ ವಸ್ತುವಿನಿಂದ ಹೊರಟ ಅಲೆ ಒತ್ತಾಗುತ್ತದೆ, ದೂರ ಹೋಗುವುದರಿಂದ ಹೊರಟದ್ದು ಸಡಿಲಾಗುತ್ತದೆ ಎಂದು. ಮೂರು ವರ್ಷದ ಮೇಲೆ ಹಾಲೆಂಡಿನ ಬಾಯ್ಸ್ ಬ್ಯಾಲಟ್ ತುತ್ತೂರಿಯವರನ್ನು ರೈಲಿನಲ್ಲಿ ಕೂಡಿಸಿ ಓಡಿಸಿ, ನಿಂತು ಕೇಳಿದವರಿಂದ ಸ್ವರ ಬದಲಾದದ್ದರ ಗುರುತು ಹಿಡಿಸಿದ. ವಿಜಯಪುರದವನು ಪ್ರತಿಧ್ವನಿಯ ಬಗ್ಗೆ ಬರೆದರೆ ಗೋಳಗುಮ್ಮಟ ಬರಲೇಬೇಕಂತೆ, ಬರಲಿ. ಗುಮ್ಮಟದಲ್ಲಿ ಕೂಗಿದವನೂ ನಿಂತಿರುತ್ತಾನೆ, ಗೋಡೆಯೂ ನಿಂತಿರುತ್ತದೆ, ಹಾಗಾಗಿ ಕೂಗಿದ ಸ್ವರವೇ ತಿರುಗಿ ಬರುತ್ತದೆ. ಗೋಡೆ ನಮ್ಮ ಕಡೆ ಓಡಿ ಬರುತ್ತಿದ್ದರೆ ನಮ್ಮ ಕೂಗು ತುಸು ಏರಿದ ಶ್ರುತಿಯಲ್ಲಿ ತಿರುಗಿ ಬರುತ್ತಿತ್ತು. ರಕ್ತನಾಳದಲ್ಲಿ ಆ ಓಡುವ ಗೋಡೆ ಕೆಂಪು ರಕ್ತಕಣ.

ಜಪಾನಿನ ಒಸಾಕಾದ ಶಿಗೆಯೊ ಸತೊಮುರಾ 1950ರ ದಶಕದ ಕೊನೆಗೆ ಮೈಯೊಳಕ್ಕೆ ಕಿವಿಗೆ ಕೇಳದ ಶಬ್ದ ಕಳಿಸಿ, ತಿರುಗಿ ಬಂದದ್ದರಿಂದ ಮೊದಲು ಹೃದಯದ ಅಲುಗಾಟವನ್ನೂ ಆಮೇಲೆ ನಾಳದ ಹರಿವನ್ನೂ ಹಿಡಿದ. 1960ರಲ್ಲಿ, ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡ. ಈ ವಿದ್ಯೆಯ ಒಂದು ಸೊಗಸು ಲೆಕ್ಕದಲ್ಲಿದೆ. ಪ್ರೋಬ್ ಕಳಿಸುವುದು ಸೆಕೆಂಡಿಗೆ 80 ಲಕ್ಷ ಕಂಪನದ ಶಬ್ದ ಎನ್ನಿ. ರಕ್ತ ಸೆಕೆಂಡಿಗೆ 50 ಸೆಂಟಿಮೀಟರ್ ಓಡುತ್ತಿದೆ, ಪ್ರೋಬ್ ನಾಳಕ್ಕೆ 60 ಡಿಗ್ರಿ ಓರೆಯಾಗಿದೆ. ಆಗ ಹೋದ ಶಬ್ದಕ್ಕೂ ಬಂದ ಶಬ್ದಕ್ಕೂ ಬೀಳುವ ವ್ಯತ್ಯಾಸ ಸುಮಾರು 2,600 ಕಂಪನ. ಅದು ಮನುಷ್ಯನ ಕಿವಿಗೆ ಚೆನ್ನಾಗಿ ಕೇಳುವ ಸ್ವರ. ಹಾಗಾಗಿ ಪರದೆಯೇ ಬೇಕಿಲ್ಲ, ಒಂದು ಸ್ಪೀಕರ್ ಸಾಕು. ರಕ್ತದ ಓಟವನ್ನು ಮನುಷ್ಯ ಮೊದಲು ಕೇಳಿದ, ಆಮೇಲೆ ನೋಡಿದ.

ನಮ್ಮ ರೂಮಿಗೂ ಮೊದಲು ಬಂದದ್ದು ಕೇಳುವ ಯಂತ್ರವೇ. ಪೆನ್ನಿನಷ್ಟು ಪ್ರೋಬ್, ರೇಡಿಯೋದಂಥ ಡಬ್ಬಿ. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಸಾಲಿಗೆ ಜೆಲ್ಲಿ ಹಚ್ಚಿ ಪ್ರೋಬನ್ನು ಒತ್ತಿಯೂ ಒತ್ತದಂತೆ ಓರೆ ಹಿಡಿಯಬೇಕು. ಜೋರು ಒತ್ತಿದರೆ ಧಮನಿ ಮುಚ್ಚಿ, ಇರುವ ನಾಡಿಯೂ ಇಲ್ಲವಾಗುತ್ತದೆ. ಗಟ್ಟಿಮುಟ್ಟಾದ ಕಾಲಿನಲ್ಲಿ ಒಂದು ಬಡಿತಕ್ಕೆ ಮೂರು ಸದ್ದು: ಧಡಕ್ಕನೆ ಮುಂದೆ ಹೋಗಿದ್ದು, ತುಸು ಹಿಂದೆ ಬಂದದ್ದು, ಮತ್ತೆ ಮೆಲ್ಲಗೆ ಮುಂದೆ ಹೋದದ್ದು. ಮೇಲೆಲ್ಲೋ ಕಟ್ಟಿದ್ದರೆ ಆ ಮೂರೂ ಕರಗಿ ಒಂದೇ ದಮ್ಮಿನ 'ಹುಸ್ಸ್... ಹುಸ್ಸ್' ಉಳಿಯುತ್ತದೆ. ಅಭಿಧಮನಿಯದು ಉಸಿರಿನೊಂದಿಗೆ ಏರಿಳಿಯುವ ಸುಯ್ಯೆಂಬ ಗಾಳಿ. "ಒಳಗ ಗಾಳಿ ಸೇರೇತೇನ್ರಿ?" ಎಂದು ಗಾಬರಿಯಾದವರಿದ್ದಾರೆ. "ಕರೆಂಟ್ ಹೊಡಿತೈತೇನ್ರಿ?" ಅಂತೂ ಎಲ್ಲರ ಪ್ರಶ್ನೆ. "ಇಲ್ರಿ ಯಜಮಾನ್ರ, ತಣ್ಣಗ ಹತ್ತತೈತಿ ಅಷ್ಟ" ಅನ್ನುತ್ತಿದ್ದೆ.

ಅದೇ ಪೆನ್ನಿನ ಜೊತೆ ಬಿ.ಪಿ. ಪಟ್ಟಿಯನ್ನು ಕಣಕಾಲಿಗೆ ಕಟ್ಟಿ, ಅಲ್ಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿ ನೋಡುತ್ತಿದ್ದೆವು. ಈ ಲೆಕ್ಕವನ್ನು ಟ್ರಾವಿಸ್ ವಿನ್ಸರ್ 1950ರಲ್ಲಿ, ಡಾಪ್ಲರ್ ಪೆನ್ನು ಬರುವ ಮೊದಲೇ ಕೊಟ್ಟಿದ್ದ. ಒಂದರ ಹತ್ತಿರ ಬಂದರೆ ಸರಿ, 0.9ರ ಕೆಳಗಿದ್ದರೆ ಧಮನಿ ಕಿರಿದಾಗಿದೆ, 0.4ರ ಕೆಳಗೆ ಹೋದರೆ ಕಾಲಿಗೇ ಅಪಾಯ. ಇದರಲ್ಲಿ ಒಂದು ಮೋಸವಿದೆ. ಬಹಳ ಕಾಲದ ಶುಗರ್ ಇದ್ದವರ ಧಮನಿಯ ಗೋಡೆಗೆ ಸುಣ್ಣ ಕಟ್ಟಿ ಬಿರುಸಾಗಿರುತ್ತದೆ. ಪಟ್ಟಿ ಎಷ್ಟು ಬಿಗಿದರೂ ಅದು ಮುಚ್ಚುವುದಿಲ್ಲ, ಲೆಕ್ಕ 1.4ಕ್ಕಿಂತ ಮೇಲೆ ಬಂದು "ಭಾರಿ ಚಲೋ ಐತಿ" ಎಂಬಂತೆ ತೋರುತ್ತದೆ, ಬೆರಳು ಮಾತ್ರ ಒಳಗೊಳಗೇ ಸಾಯುತ್ತಿರುತ್ತದೆ. ಅಂಥವರಿಗೆ ಹೆಬ್ಬೆರಳಿನ ಒತ್ತಡವನ್ನೇ ಅಳೆಯಬೇಕು.

ಕೇಳುವುದನ್ನೂ ನೋಡುವುದನ್ನೂ ಕೂಡಿಸಿದ್ದು ಸಿಯಾಟಲ್‌ನಲ್ಲಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಯೂಜೀನ್ ಸ್ಟ್ರಾಂಡ್‌ನೆಸ್ ಮತ್ತು ಎಂಜಿನಿಯರ್ ಡೊನಾಲ್ಡ್ ಬೇಕರ್ ಅವರ ಗುಂಪು 1974ರಲ್ಲಿ ನಾಳದ ಚಿತ್ರ ಮತ್ತು ರಕ್ತದ ವೇಗ ಎರಡನ್ನೂ ಒಂದೇ ಯಂತ್ರದಲ್ಲಿ ಕೊಟ್ಟಿತು. ಅದೇ ಡ್ಯೂಪ್ಲೆಕ್ಸ್. 1985ರಲ್ಲಿ ಜಪಾನಿನ ಕಸಾಯ್, ನಮೆಕಾವಾ ಮತ್ತು ಸಂಗಡಿಗರು ಹರಿಯುವ ರಕ್ತಕ್ಕೆ ಆ ಕ್ಷಣಕ್ಕೇ ಬಣ್ಣ ಹಚ್ಚುವ ಲೆಕ್ಕವನ್ನು ಪ್ರಕಟಿಸಿದರು. ಕೆಂಪು ಎಂದರೆ ಧಮನಿ, ನೀಲಿ ಎಂದರೆ ಅಭಿಧಮನಿ ಎಂದು ಹೊಸ ಹುಡುಗರು ತಿಳಿಯುತ್ತಾರೆ. ಹಾಗಲ್ಲ. ಪ್ರೋಬಿನ ಕಡೆ ಬರುವುದಕ್ಕೊಂದು ಬಣ್ಣ, ಅದರಿಂದ ದೂರ ಹೋಗುವುದಕ್ಕೊಂದು. ಪ್ರೋಬನ್ನು ನಾಳಕ್ಕೆ ನೇರ ಲಂಬವಾಗಿ ಹಿಡಿದರೆ ರಕ್ತ ಬರುವುದೂ ಇಲ್ಲ, ಹೋಗುವುದೂ ಇಲ್ಲ, ಚೆನ್ನಾಗಿ ಹರಿಯುವ ಧಮನಿಯೂ ಕಪ್ಪಾಗಿ ಕಾಣುತ್ತದೆ. ಓರೆಯಲ್ಲಿ ಇದೆ ಎಲ್ಲ ಕಸುಬು. ಕಿರಿದಾದ ಜಾಗದಲ್ಲಿ ರಕ್ತದ ವೇಗ ಅದರ ಹಿಂದಿನ ಜಾಗಕ್ಕಿಂತ ಎರಡು ಪಟ್ಟಾದರೆ ಅರ್ಧ ದಾರಿ ಮುಚ್ಚಿದೆ ಎಂದು ಅಂದಾಜು.

ಎರಡನೇ ಸಲದ ಬೆಲೆ ನನಗೆ ಸ್ಪಷ್ಟವಾದದ್ದು ಒಬ್ಬ ಬಾಣಂತಿಯಿಂದ. ತಿಕೋಟಾದ ಕಡೆಯ ಹುಡುಗಿ, ಚೊಚ್ಚಲು, ಎಡಗಾಲು ಬಾತಿತ್ತು. ಡಾಕ್ಟರು ಬಣ್ಣ ಹಾಕದೆ, ಪ್ರೋಬಿನಿಂದಲೇ ನಾಳವನ್ನು ಮೆಲ್ಲಗೆ ಅದುಮುತ್ತ ತೊಡೆಯಿಂದ ಕೆಳಗಿಳಿದರು. ಅದುಮಿದಾಗ ಧಮನಿ ದುಂಡಗೇ ಇರುತ್ತದೆ, ಪಕ್ಕದ ಅಭಿಧಮನಿ ಚಪ್ಪಟೆಯಾಗಿ ಮಾಯವಾಗಬೇಕು. ಮಾಯವಾಗದಿದ್ದರೆ ಒಳಗೆ ಹೆಪ್ಪುಗಟ್ಟಿದೆ. ತೊಡೆಯಲ್ಲಿ ಎಲ್ಲ ಸರಿಯಿತ್ತು, ಮೊಣಕಾಲ ಕೆಳಗೆ ಅನುಮಾನ. ನಾನು ಅಭ್ಯಾಸಬಲದಿಂದ ಮೀನಖಂಡಕ್ಕೆ ಕೈ ಹಾಕಿದೆ. "ಒತ್ತಬ್ಯಾಡ!" ಎಂದು ಕೂಗಿದರು. ಹೆಪ್ಪು ಕಿತ್ತು ಮೇಲೆ ಹೋದರೆ ಪುಪ್ಪುಸಕ್ಕೇ ಹೋಗುತ್ತದೆ. ವಾರ ಬಿಟ್ಟು ಬಾ ಎಂದರು. ಬಂದಳು, ತಾಯಿ, ಕೂಸು, ತತ್ರಾಣಿ ಸಮೇತ. ಈ ಸಲ ಹೆಪ್ಪು ಮೊಣಕಾಲ ಹಿಂದಿನ ತನಕ ಏರಿತ್ತು. ಅಂದೇ ಭರ್ತಿ ಮಾಡಿಸಿ ಹೆಪಾರಿನ್ ಶುರು ಮಾಡಿದರು. ಸೂಜಿಯ ಕಾಲದಲ್ಲಾಗಿದ್ದರೆ ಆ ಎರಡನೇ ಪರೀಕ್ಷೆಗೆ ಅವಳ ಅತ್ತೆ ಖಂಡಿತ ಒಪ್ಪುತ್ತಿರಲಿಲ್ಲ.

ಈ ಯಂತ್ರಕ್ಕೆ ನಮ್ಮ ದೇಶದಲ್ಲಿ ಇನ್ನೊಂದು ಚರಿತ್ರೆಯೂ ಅಂಟಿಕೊಂಡಿದೆ. ಹೆಣ್ಣು ಭ್ರೂಣದ ಹತ್ಯೆ ತಡೆಯಲು 1994ರಲ್ಲಿ ಮಾಡಿದ ಕಾನೂನು 1996ರ ಜನವರಿ 1ರಿಂದ ಜಾರಿಗೆ ಬಂತು, 2003ರಲ್ಲಿ ಬಿಗಿಯಾಯಿತು. ಕಾಲಿನ ನರ ನೋಡಲೆಂದೇ ತಂದ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು, ಮನಬಂದ ಕಡೆ ಹೊತ್ತೊಯ್ಯುವಂತಿಲ್ಲ. ಎಪ್ಪತ್ತರ ಅಜ್ಜ ಕಾಲು ತೋರಿಸಲು ಬಂದು, ಭ್ರೂಣಲಿಂಗ ಪತ್ತೆ ಅಪರಾಧ ಎಂಬ ಗೋಡೆಯ ಫಲಕವನ್ನು ಜೋರಾಗಿ ಓದಿ ನಗುತ್ತಿದ್ದ. ಬೇರೆ ದೇಶಗಳಲ್ಲಿ ತರಬೇತಾದ ಟೆಕ್ನಿಷಿಯನ್ನೇ ನಾಳದ ಸ್ಕ್ಯಾನ್ ಮಾಡಿ ಮುಗಿಸುತ್ತಾನಂತೆ. ನಮ್ಮಲ್ಲಿ ಪ್ರೋಬ್ ಹಿಡಿಯುವವರು ಡಾಕ್ಟರೇ. ಬಬಲೇಶ್ವರದಂಥ ಊರಿಗೆ ಈ ಪರೀಕ್ಷೆ ತಾನಾಗಿ ನಡೆದು ಹೋಗದಿರುವುದಕ್ಕೆ ಇದೂ ಒಂದು ಕಾರಣ. ಹಾಗೆಂದು ಕಾನೂನು ಸಡಿಲಾಗಲಿ ಎಂದು ನಾನು ಹೇಳಲಾರೆ. ನಮ್ಮ ಸೀಮೆ ಹೆಣ್ಣುಕೂಸನ್ನು ಹೇಗೆ ನೋಡಿದೆ ಎಂದು ನನಗೆ ಗೊತ್ತು.

ನನ್ನ ಸಿಟ್ಟು ಬೇರೆ ಕಡೆ ಇದೆ. ಈಗ ಕಾಲು ನೋವು ಎಂದರೆ ಸಾಕು, ಡಾಪ್ಲರ್ ಚೀಟಿ. ಬರೆದುಕೊಟ್ಟವರಲ್ಲಿ ಎಷ್ಟು ಜನ ರೋಗಿಯ ಚಪ್ಪಲಿ ಬಿಡಿಸಿ ಪಾದದ ನಾಡಿ ಮುಟ್ಟಿ ನೋಡಿರುತ್ತಾರೆ? ಮುಟ್ಟಿದ್ದರೆ ಅರ್ಧ ಮಂದಿ ಬಸ್ಸಿನ ಖರ್ಚು ಉಳಿಸಿಕೊಳ್ಳುತ್ತಿದ್ದರು, ಇನ್ನು ಕೆಲವರು ಒಂದು ತಿಂಗಳು ಮೊದಲೇ ಬರುತ್ತಿದ್ದರು.

ಬರುವ ಕಾಲುಗಳೂ ಬದಲಾಗಿವೆ. ಬೀಡಿಯ ಕುಂಟಜ್ಜಂದಿರು ಕಡಿಮೆ, ಶುಗರಿನ ಪಾದಗಳು ಹೆಚ್ಚು. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಏರಿ ಬಂದಿದೆ, ತಿಕೋಟಾದಲ್ಲಿ ದ್ರಾಕ್ಷಿ ಪಡ, ಒಣದ್ರಾಕ್ಷಿ ಶೆಡ್ಡು, ಮನೆ ಮುಂದೆ ಬೈಕು. ಹೊಲಕ್ಕೆ ನಡೆದು ಹೋಗುವವರೇ ಇಲ್ಲ, ಹಾಗಾಗಿ "ನಾಕ್ ಹೊಲ ದಾಟೂದ್ರಾಗ" ಎಂಬ ಮೊದಲ ಲಕ್ಷಣ ಗೊತ್ತೇ ಆಗುವುದಿಲ್ಲ. ಹುಣ್ಣಾದ ಮೇಲೆಯೇ ಬರುತ್ತಾರೆ. ಶುಗರಿನಿಂದ ಕಿಡ್ನಿ ಹೋದವರು ಬರುವುದು ಕೈ ತೋರಿಸಲು. ಡಯಾಲಿಸಿಸ್‌ಗೆ ಮುಂಗೈಯ ಧಮನಿಗೂ ಅಭಿಧಮನಿಗೂ ಜೋಡಣೆ ಮಾಡಬೇಕು. ಅದಕ್ಕೆ ಮೊದಲು ಎರಡೂ ನಾಳ ಎರಡು ಮಿಲಿಮೀಟರಿಗೆ ಕಡಿಮೆ ಇಲ್ಲ ಎಂದು ಸ್ಕ್ಯಾನಿನಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ಕೆಲಸಕ್ಕೆ ಕಡಿಮೆ ಬೀಳುವ ಕೈಯನ್ನೇ, ಅಂದರೆ ಎಡಗೈಯನ್ನೇ ಆರಿಸುವುದು.

ನಾನು ಕೆಲಸ ಬಿಡುವ ಮುಂಚಿನ ದಿನಗಳಲ್ಲಿ ಬಬಲೇಶ್ವರದ ಕಡೆಯ ರೈತನೊಬ್ಬ ಬಂದಿದ್ದ. ಎಡ ರಟ್ಟೆಗೆ ಪಟ್ಟಿ ಕಟ್ಟಿದೆ, ಡಾಕ್ಟರು ಮಣಿಕಟ್ಟಿನಿಂದ ಅಳೆಯುತ್ತ ಮೇಲೆ ಬಂದರು. ಚಲೋ ನಾಳ, ಎರಡೂವರೆ ಮಿಲಿಮೀಟರ್. ಬರೆದುಕೊಳ್ಳುವಷ್ಟರಲ್ಲಿ ಅವನು ಕೇ‌ಳಿದ:

"ಈ ಕೈಗೆ ಆಪರೇಷನ್ ಮಾಡಿದ್ರ ಕತ್ರಿ ಹಿಡೀಬಹುದೇನ್ರಿ?"

"ಬಲಗೈಲೆ ಹಿಡೀರಿ."

"ಬಲಗೈ ನಮಗ ಊಟಕ್ಕಷ್ಟ್ರಿ. ದ್ರಾಕ್ಷಿ ಬಳ್ಳಿ ಚಾಟ್ನಿ ಮಾಡೂದೆಲ್ಲಾ ಎಡಗೈ."

ಡಾಕ್ಟರು ಪ್ರೋಬ್ ಒರೆಸಿ ನನ್ನ ಕಡೆ ನೋಡಿದರು. ಪಟ್ಟಿ ಬಿಚ್ಚಿ ಬಲ ರಟ್ಟೆಗೆ ಕಟ್ಟಿದೆ. ಅಲ್ಲಿ ನಾಳ ತುಸು ಸಣ್ಣದಿತ್ತು, ಎರಡೂಕಾಲು ಮಿಲಿಮೀಟರ್. ಸಾಕಾಗುವಷ್ಟಿತ್ತು.